ಒಂದೇ ವರ್ಷದಲ್ಲಿ ಬಿ.ಕಾಂ. ಕೊಡಿಸುತ್ತಾರಂತೆ, ಹಣ ಕಟ್ಟಲೇ?

ಪ್ರಶ್ನೆ: ನನಗೆ 33 ವರ್ಷ, ಹರಿಹರದವಳು. ಪಿಯುಸಿ ಕಾಮರ್ಸ್ ಪಾಸಾಗಿ ದಾವಣಗೆರೆಯಲ್ಲಿ ಬಿ.ಕಾಂ. ಸೇರಿದ್ದೆ. ಮೂರು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಮದುವೆಯಾಯಿತು. ಎರಡು ವಿಷಯ ಬಾಕಿ ಉಳಿದವು, ಓದೂ ಅಲ್ಲಿಗೇ ನಿಂತಿತು. ಒಂಬತ್ತು ವರ್ಷದಿಂದ ದಾವಣಗೆರೆಯ ಒಂದು ಆಡಿಟರ್ ಆಫೀಸಿನಲ್ಲಿದ್ದೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಟಿಡಿಎಸ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ನಾನೇ ಕೆಲಸ ಕಲಿಸಿದ ಹುಡುಗರು ಬಿ.ಕಾಂ. ಇದೆ ಅನ್ನುವ ಕಾರಣಕ್ಕೆ ನನಗಿಂತ ಜಾಸ್ತಿ ಸಂಬಳಕ್ಕೆ ಬೇರೆ ಕಡೆ ಹೋದರು. ಈಗ ಒಬ್ಬ ಕನ್ಸಲ್ಟೆಂಟ್, ‘ಹೊರರಾಜ್ಯದ ಯೂನಿವರ್ಸಿಟಿ, ಕ್ರೆಡಿಟ್ ಟ್ರಾನ್ಸ್‌ಫರ್ ಮಾಡಿಸಿ ಒಂದೇ ಸಲಕ್ಕೆ ಎಲ್ಲ ಪರೀಕ್ಷೆ ಬರೆಸುತ್ತೇನೆ, ವರ್ಷದೊಳಗೆ ಡಿಗ್ರಿ ಕೈಗೆ’ ಎಂದು ಅರವತ್ತು ಸಾವಿರ ಕೇಳುತ್ತಿದ್ದಾನೆ. ನ್ಯೂಜೆರ್ಸಿಯಲ್ಲಿರುವ ನಮ್ಮ ಅತ್ತಿಗೆಯ ತಂಗಿ ಕ್ಲಾಸಿಗೆ ಹೋಗದೆ ಬರೀ ಪರೀಕ್ಷೆ ಬರೆದು ಅಲ್ಲಿ ಅಸೋಸಿಯೇಟ್ ಡಿಗ್ರಿ ತಗೊಂಡಿದ್ದಾಳೆ. ಹಾಗಾದರೆ ಇದೂ ನಿಜವೇ ಇರಬೇಕಲ್ಲ? ಮನೆಯವರು ‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ’ ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಹರಿಹರ

ಉತ್ತರ: ಮೊದಲು ಒಂದು ಮಾತು: ಆ ಅರವತ್ತು ಸಾವಿರ ಕೊಡಬೇಡಿ. ಮುಂಗಡವಾಗಿ ಐದು ಸಾವಿರವನ್ನೂ ಕೊಡಬೇಡಿ. ಮೂಲ ಅಂಕಪಟ್ಟಿಗಳನ್ನು ಅವನ ಕೈಗೆ ಕೊಟ್ಟಿದ್ದರೆ ಇವತ್ತೇ ವಾಪಸ್ ತಗೊಳ್ಳಿ.

ಕಾರಣ ಸರಳ. ಮೂರು ವರ್ಷದ ಪದವಿಯನ್ನು ಹೊಸದಾಗಿ ಸೇರಿ ಒಂದೇ ವರ್ಷದಲ್ಲಿ ಮುಗಿಸುವ ದಾರಿ ನಮ್ಮ ದೇಶದ ಯಾವ ದೂರಶಿಕ್ಷಣದಲ್ಲೂ ಇಲ್ಲ. ಆದ್ದರಿಂದ ‘ಒಂದೇ ವರ್ಷ’ ಎನ್ನುವವರು ನಿಮ್ಮನ್ನು ಎರಡು ವರ್ಷ ಹಿಂದೆಯೇ ಸೇರಿದಂತೆ ತೋರಿಸಬೇಕಾಗುತ್ತದೆ. ಅಂದರೆ ನೀವು ಓದದ ವರ್ಷಗಳ ಅಂಕಪಟ್ಟಿ ನಿಮ್ಮ ಹೆಸರಿನಲ್ಲಿ ಹುಟ್ಟುತ್ತದೆ. ಆ ವರ್ಷಗಳಲ್ಲಿ ನೀವು ದಾವಣಗೆರೆಯಲ್ಲಿ ಕೆಲಸಕ್ಕಿದ್ದಿರಿ ಎನ್ನುವುದಕ್ಕೆ ನಿಮ್ಮ ಸಂಬಳದ ದಾಖಲೆಯೇ ಸಾಕ್ಷಿ. ಕೆಲಸ ಕೊಡುವವರು ಕಾಗದ ಪರಿಶೀಲನೆಗೆ ಕಳಿಸಿದ ದಿನ ಸಿಕ್ಕಿಬೀಳುವವರು ನೀವು, ಕನ್ಸಲ್ಟೆಂಟ್ ಅಲ್ಲ. ಲೆಕ್ಕಪತ್ರದ ಕೆಲಸದಲ್ಲಿ ನಂಬಿಕೆಯೇ ಬಂಡವಾಳ. ಒಂಬತ್ತು ವರ್ಷ ದುಡಿದು ಗಳಿಸಿದ ಹೆಸರನ್ನು ಒಂದು ಸುಳ್ಳು ಕಾಗದಕ್ಕೆ ಒತ್ತೆ ಇಡುವುದು ಬೇಡ.

ಹೊರರಾಜ್ಯದ ವಿಶ್ವವಿದ್ಯಾಲಯ ಎಂಬ ಮಾತಿಗೂ ಬೆಲೆಯಿಲ್ಲ. ಯುಜಿಸಿಯ 2020ರ ದೂರಶಿಕ್ಷಣ ನಿಯಮಗಳ ಪ್ರಕಾರ ರಾಜ್ಯದ ವಿಶ್ವವಿದ್ಯಾಲಯ ದೂರಶಿಕ್ಷಣಕ್ಕಾಗಿ ತನ್ನ ವ್ಯಾಪ್ತಿಯ ಹೊರಗೆ ಕೇಂದ್ರ ತೆರೆಯುವಂತಿಲ್ಲ, ಫ್ರಾಂಚೈಸಿ ಕೊಡುವಂತೆಯೂ ಇಲ್ಲ. ಆನ್‌ಲೈನ್ ಪದವಿಗಳಿಗೆ ರಾಜ್ಯದ ಗಡಿಯ ತೊಡಕಿಲ್ಲ. ಆದರೆ ಅವಕ್ಕೂ ಯುಜಿಸಿ ಅನುಮತಿ ಬೇಕು, ಅವೂ ವರ್ಷದೊಳಗೆ ಮುಗಿಯುವುದಿಲ್ಲ.

ಇನ್ನು ನ್ಯೂಜೆರ್ಸಿಯ ವಿಷಯ. ನಿಮ್ಮ ಅತ್ತಿಗೆಯ ತಂಗಿ ಹೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ಕಾಲೇಜ್ ಬೋರ್ಡ್ ಸಂಸ್ಥೆ ನಡೆಸುವ ಕ್ಲೆಪ್ ಎಂಬ ಪರೀಕ್ಷೆಗಳಿವೆ. ಅಕೌಂಟಿಂಗ್, ಅರ್ಥಶಾಸ್ತ್ರ, ಇತಿಹಾಸ, ಗಣಿತ ಎಂದು ಮೂವತ್ತಕ್ಕೂ ಹೆಚ್ಚು ವಿಷಯಗಳು. ಹೇಗೆ ಕಲಿತಿರಿ, ಎಲ್ಲಿ ಕಲಿತಿರಿ ಎಂದು ಯಾರೂ ಕೇಳುವುದಿಲ್ಲ. 20ರಿಂದ 80ರವರೆಗಿನ ಅಂಕದಲ್ಲಿ ಸಾಮಾನ್ಯವಾಗಿ 50 ಬಂದರೆ ಕಾಲೇಜು ಆ ವಿಷಯದ ಕ್ರೆಡಿಟ್ ಕೊಡುತ್ತದೆ. ಅಸೋಸಿಯೇಟ್ ಪದವಿಗೆ ಸುಮಾರು 60 ಕ್ರೆಡಿಟ್ ಬೇಕು. ನ್ಯೂಜೆರ್ಸಿಯಲ್ಲೇ ಇರುವ ಥಾಮಸ್ ಎಡಿಸನ್ ಸ್ಟೇಟ್ ಯೂನಿವರ್ಸಿಟಿ 1972ರಲ್ಲಿ ಶುರುವಾದದ್ದೇ ಕೆಲಸ ಮಾಡುವ ದೊಡ್ಡವರಿಗಾಗಿ. ಅಲ್ಲಿ ಇಂಥ ಕ್ರೆಡಿಟ್‌ಗಳನ್ನು ಕೂಡಿಸಿ ಪದವಿ ಪಡೆಯಬಹುದು.

ಆದರೆ ಅಸೋಸಿಯೇಟ್ ಪದವಿ ಎಂದರೆ ನಾಲ್ಕು ವರ್ಷದ ಅಮೆರಿಕನ್ ಪದವಿಯ ಅರ್ಧ. ಅಲ್ಲಿಯ ನೌಕರಿಗೆ, ಮುಂದೆ ಅಲ್ಲೇ ಓದುವುದಕ್ಕೆ ಅದು ಮೆಟ್ಟಿಲು. ದಾವಣಗೆರೆಯಲ್ಲಿ ಅರ್ಜಿ ಹಾಕುವಾಗ ಬಿ.ಕಾಂ. ಕೇಳಿದ ಜಾಗದಲ್ಲಿ ಅದನ್ನು ಬರೆಯಲಾಗದು. ಡಾಲರ್ ಖರ್ಚು ಮಾಡಿ ಅದರ ಹಿಂದೆ ಹೋಗುವುದರಿಂದ ನಿಮಗೆ ಲಾಭವಿಲ್ಲ.

‘ಗೊತ್ತಿರುವುದನ್ನು ಪರೀಕ್ಷೆಯಲ್ಲಿ ತೋರಿಸುತ್ತೇನೆ, ಕ್ಲಾಸಿಗೆ ಕೂರಿಸಬೇಡಿ’ ಎನ್ನುವ ನಿಮ್ಮ ಬೇಡಿಕೆಯಲ್ಲಿ ತಪ್ಪೇನಿಲ್ಲ. ಅದು ನಮಗೆ ಹೊಸದೂ ಅಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳನ್ನು ಎಷ್ಟೋ ಜನ ಮನೆಯಲ್ಲೇ ಓದಿ ಕಟ್ಟಿದ್ದಾರೆ. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪ್ರಥಮ, ಮಧ್ಯಮ, ರಾಷ್ಟ್ರಭಾಷಾ ಪರೀಕ್ಷೆಗಳಿಗೂ ಹಾಗೆಯೇ ಕಟ್ಟುತ್ತಾರೆ. ಅವು ಭಾಷೆಯ ಅರ್ಹತೆಗಳು, ಬಿ.ಕಾಂ.ಗೆ ಸಮವಲ್ಲ. ನಿಮ್ಮ ಲೆಕ್ಕಪತ್ರದ ಜಾಣ್ಮೆಗೆ ಒಪ್ಪುವ ಪರೀಕ್ಷೆಗಳು ಬೇರೆ ಇವೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಹಳೆಯ ಮೂರು ಸೆಮಿಸ್ಟರ್‌ಗೆ ಏನು ಬೆಲೆ ಇದೆ ನೋಡೋಣ.

ಕ್ರೆಡಿಟ್ ಟ್ರಾನ್ಸ್‌ಫರ್ ಎಂಬ ಮಾತನ್ನು ಕನ್ಸಲ್ಟೆಂಟ್ ಸುಮ್ಮನೆ ಎತ್ತಿಕೊಂಡಿಲ್ಲ. ಯುಜಿಸಿ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ತಂದಿತು. ಪಾಸಾದ ವಿಷಯಗಳ ಕ್ರೆಡಿಟ್ ವಿದ್ಯಾರ್ಥಿಯ ಖಾತೆಯಲ್ಲಿ ಜಮೆಯಾಗಿ, ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೂ ಜೊತೆಗೆ ಬರಲಿ ಎಂಬುದು ಉದ್ದೇಶ. ಆದರೆ ಅದು 2021-22ರಿಂದ ಓದಿದವರಿಗೆ. ಕ್ರೆಡಿಟ್‌ಗೆ ಏಳು ವರ್ಷದ ಗಡುವೂ ಇದೆ. ನಿಮ್ಮ ಬಿ.ಕಾಂ. ಅದಕ್ಕಿಂತ ಬಹಳ ಹಿಂದಿನದು, ಆ ಖಾತೆಗೆ ಬರುವುದಿಲ್ಲ. ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ ಪಡೆದು ಹೊರಬರಬಹುದು ಎಂಬ ರಾಷ್ಟ್ರೀಯ ಶಿಕ್ಷಣ ನೀತಿಯ ವ್ಯವಸ್ಥೆ ಅಮೆರಿಕದ ಅಸೋಸಿಯೇಟ್ ಪದವಿಗೆ ಹತ್ತಿರದ್ದು. ಅದನ್ನೂ ಕರ್ನಾಟಕ 2021-22ರಲ್ಲಿ ಜಾರಿಗೆ ತಂದು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅದೂ ನಿಮಗೆ ಅನ್ವಯಿಸದು. ಅನುಭವಕ್ಕೂ ಕ್ರೆಡಿಟ್ ಕೊಡಬೇಕು ಎಂಬ ಮಾತು 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿದೆ. ಆದರೆ ‘ನಿಮ್ಮ ಒಂಬತ್ತು ವರ್ಷದ ಅನುಭವವನ್ನೇ ಡಿಗ್ರಿ ಮಾಡಿಸಿಕೊಡುತ್ತೇವೆ’ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಂದಲೂ ಎದ್ದು ಬನ್ನಿ.

ಹಾಗಾದರೆ ಹಳೆಯ ಓದು ವ್ಯರ್ಥವೇ? ಕೇಳದೆ ಕೈಬಿಡಬೇಡಿ. ಪಿಯುಸಿ ಮತ್ತು ಮೂರೂ ಸೆಮಿಸ್ಟರ್‌ನ ಅಂಕಪಟ್ಟಿ ಹಿಡಿದು ಒಂದು ದಿನ ರಜೆ ಹಾಕಿ. ಮೊದಲು ನಿಮ್ಮ ಹಳೆಯ ಕಾಲೇಜು, ಆಮೇಲೆ ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ. ಕೋರ್ಸ್ ಮುಗಿಸುವ ಗರಿಷ್ಠ ಅವಧಿ ನಿಮಗೆ ದಾಟಿರುವ ಸಾಧ್ಯತೆಯೇ ಹೆಚ್ಚು. ಆದರೂ ವಿಶ್ವವಿದ್ಯಾಲಯಗಳು ಆಗಾಗ ಹಳೆಯ ವಿದ್ಯಾರ್ಥಿಗಳಿಗೆ ಬಾಕಿ ವಿಷಯ ಬರೆಯಲು ವಿಶೇಷ ಅವಕಾಶ ಕೊಡುವುದುಂಟು. ಅರ್ಜಿಯನ್ನು ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ, ಉತ್ತರವನ್ನೂ ಬರವಣಿಗೆಯಲ್ಲೇ ಕೇಳಿ. ಕೌಂಟರಿನಲ್ಲಿ ಯಾರೋ ‘ಆಗಲ್ಲ ಮೇಡಂ’ ಅಂದದ್ದು ಉತ್ತರವಲ್ಲ.

ಅಲ್ಲಿ ಆಗದಿದ್ದರೆ ಮುಕ್ತ ವಿಶ್ವವಿದ್ಯಾಲಯ. ನಿಮಗೆ ಹತ್ತಿರದ್ದು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಕರಾಮುವಿ. ಅದರ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇದೆ, ಕನ್ನಡದಲ್ಲೂ ಓದಬಹುದು. ‘ಕರಾಮುವಿ ಡಿಗ್ರಿ ನಡೆಯಲ್ಲ’ ಎಂದು ಯಾರಾದರೂ ಹೆದರಿಸಬಹುದು. ಆ ಮಾತಿಗೆ ಹಿನ್ನೆಲೆ ಇದೆ. ರಾಜ್ಯದ ಹೊರಗೆ ಫ್ರಾಂಚೈಸಿ ಕೇಂದ್ರಗಳನ್ನು ನಡೆಸಿದ ಕಾರಣಕ್ಕೆ 2013-14ರಿಂದ ಅದರ ಮಾನ್ಯತೆ ನಿಂತಿತ್ತು, ವಿದ್ಯಾರ್ಥಿಗಳು ಬಹಳ ತೊಂದರೆಪಟ್ಟರು. 2018-19ರಿಂದ ಯುಜಿಸಿ ಮತ್ತೆ ಮಾನ್ಯತೆ ಕೊಟ್ಟಿದೆ. ಫ್ರಾಂಚೈಸಿ ಡಿಗ್ರಿಯ ಕೊನೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಇನ್ನೊಂದು ಇಗ್ನೋ, 1985ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮುಕ್ತ ವಿಶ್ವವಿದ್ಯಾಲಯ. ಬೇರೆ ಕಡೆ ಪಾಸಾದ ವಿಷಯಗಳಿಗೆ ಕ್ರೆಡಿಟ್ ವರ್ಗಾವಣೆ ಕೇಳುವ ಪದ್ಧತಿ ಅಲ್ಲಿದೆ. ಎರಡೂ ಕಡೆ ಇದೇ ಪ್ರಶ್ನೆ ಇಡಿ: ನನ್ನ ಪಾಸಾದ ವಿಷಯಗಳಲ್ಲಿ ಯಾವುದನ್ನು ಒಪ್ಪುತ್ತೀರಿ? ನೇರ ಎರಡನೇ ವರ್ಷಕ್ಕೆ ಸೇರಿಸುತ್ತೀರಾ? ಒಪ್ಪಿದರೆ ಒಂದು ವರ್ಷ ಉಳಿಯಿತು. ಒಪ್ಪದಿದ್ದರೆ ಮೊದಲ ವರ್ಷದಿಂದಲೇ ಶುರು ಮಾಡಿ, ಬೇಸರ ಬೇಡ. ಮೂರೂ ವರ್ಷದ ಶುಲ್ಕ ಕೂಡಿಸಿದರೂ ಆ ಕನ್ಸಲ್ಟೆಂಟ್ ಕೇಳಿದ ಮೊತ್ತ ಮುಟ್ಟುವುದಿಲ್ಲ.

ಸೇರುವ ಮುಂಚೆ ನೋಡಬೇಕಾದ್ದು ಇಷ್ಟು. ಆ ವರ್ಷಕ್ಕೆ, ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ (ಡೆಬ್) ಅನುಮತಿ ಇದೆಯೇ ಎಂದು ಬ್ಯೂರೋದ ವೆಬ್‌ಸೈಟಿನಲ್ಲಿ ನೋಡಿ. 2024ರಿಂದ ದೂರಶಿಕ್ಷಣಕ್ಕೆ ಸೇರುವ ಪ್ರತಿ ವಿದ್ಯಾರ್ಥಿಗೂ ಡೆಬ್ ಐಡಿ ಕಡ್ಡಾಯ. ಅದನ್ನು ನೀವೇ, ನಿಮ್ಮ ಮೊಬೈಲಿನಿಂದಲೇ ಮಾಡಿಕೊಳ್ಳಿ. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ, ವ್ಯಕ್ತಿಯ ಫೋನ್‌ಪೇಗೆ ಅಲ್ಲ.

ಇಲ್ಲಿ ದಿನವೂ ಕ್ಲಾಸಿಗೆ ಹೋಗಬೇಕಿಲ್ಲ. ಪುಸ್ತಕ ಬರುತ್ತದೆ, ಅಸೈನ್‌ಮೆಂಟ್ ಬರೆಯಬೇಕು, ಸಂಪರ್ಕ ತರಗತಿಗಳಿರುತ್ತವೆ, ಕೊನೆಗೆ ಪರೀಕ್ಷೆ. ನೀವು ಬಯಸುವ ‘ಪರೀಕ್ಷೆ ಬರೆದು ಡಿಗ್ರಿ’ಗೆ ನಮ್ಮಲ್ಲಿ ಅತಿ ಹತ್ತಿರದ ಪ್ರಾಮಾಣಿಕ ದಾರಿ ಇದೇ. ಸಮಯ ಮಾತ್ರ ಬೇಕು. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಆರು ತಿಂಗಳಿಗೆ 20 ಕ್ರೆಡಿಟ್ ಎಂದರೆ 600 ಗಂಟೆ, ದಿನಕ್ಕೆ ಮೂರು ಗಂಟೆಯ ಮೇಲೆ. ಆಫೀಸು, ಬಸ್ಸು, ಮನೆಗೆಲಸದ ನಡುವೆ ಇದು ದೊಡ್ಡ ಮಾತು. ಆದರೆ ಅಕೌಂಟೆನ್ಸಿ, ತೆರಿಗೆ ನಿಮಗೆ ಕೈಬಂದ ವಿದ್ಯೆ, ಆ ಗಂಟೆಗಳನ್ನು ಇಂಗ್ಲಿಷ್, ಅರ್ಥಶಾಸ್ತ್ರ, ಸ್ಟಾಟಿಸ್ಟಿಕ್ಸ್‌ಗೆ ಕೊಡಬಹುದು. ಮೂರು ವರ್ಷದಲ್ಲಿ ಆಗದಿದ್ದರೆ ಇನ್ನೂ ಮೂರು ವರ್ಷದ ಅವಕಾಶ ಇಗ್ನೋದಲ್ಲಿದೆ. ಒಂದು ಪರೀಕ್ಷೆ ತಪ್ಪಿದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ.

ಈಗ ಆ ಬೇರೆ ಪರೀಕ್ಷೆಗಳ ಮಾತು. ಸಿಎಂಎ ಬಗ್ಗೆ ಯೋಚಿಸಿದ್ದೀರಾ? ಇನ್‌ಸ್ಟಿಟ್ಯೂಟ್ ಆಫ್ ಕಾಸ್ಟ್ ಅಕೌಂಟೆಂಟ್ಸ್ ನಡೆಸುವ ಈ ಕೋರ್ಸಿಗೆ ಡಿಗ್ರಿ ಬೇಕಿಲ್ಲ, ಪಿಯುಸಿ ಪಾಸಾದವರು ಫೌಂಡೇಷನ್‌ಗೆ ಕಟ್ಟಬಹುದು. ಅಲ್ಲಿ ನಾಲ್ಕು ಪತ್ರಿಕೆ, ಮುಂದೆ ಇಂಟರ್‌ಮೀಡಿಯೆಟ್‌ನಲ್ಲಿ ಎಂಟು, ಫೈನಲ್‌ನಲ್ಲಿ ಎಂಟು. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್‌ನಲ್ಲಿ ಪರೀಕ್ಷೆ. ಪ್ರತಿ ಪತ್ರಿಕೆಯಲ್ಲಿ ಶೇ 40, ಒಟ್ಟಾರೆ ಶೇ 50 ಬರಬೇಕು. ಜೊತೆಗೆ 15 ತಿಂಗಳ ಪ್ರಾಯೋಗಿಕ ತರಬೇತಿ. ಸಿಎ ಕೂಡ ಪಿಯುಸಿಯಿಂದಲೇ ಶುರುವಾಗುತ್ತದೆ, ಆದರೆ ಅದರ ಎರಡು ವರ್ಷದ ಆರ್ಟಿಕಲ್‌ಶಿಪ್ ಪೂರ್ಣಾವಧಿಯದು. ಮನೆಯ ಖರ್ಚಿಗೆ ನಿಮ್ಮ ಸಂಬಳ ಬೇಕು ಎಂದಾದರೆ ಕಷ್ಟ. ಸಿಎ, ಸಿಎಸ್, ಸಿಎಂಎ ಮೂರನ್ನೂ ಯುಜಿಸಿ 2021ರಲ್ಲಿ ಸ್ನಾತಕೋತ್ತರ ಪದವಿಗೆ ಸಮ ಎಂದು ಒಪ್ಪಿದೆ. ಕ್ಲಾಸಿನಲ್ಲಿ ಕೂರದೆ, ಪರೀಕ್ಷೆಯ ಬಲದಿಂದಲೇ ದೊಡ್ಡ ಅರ್ಹತೆ ಪಡೆಯುವ ದಾರಿ ನಮ್ಮ ದೇಶದಲ್ಲೂ ಇದೆ, ಅದೂ ನಿಮ್ಮದೇ ಕ್ಷೇತ್ರದಲ್ಲಿ.

ಸುಲಭ ಎಂದು ಮಾತ್ರ ಹೇಳಲಾರೆ. ಇಂಟರ್‌ಮೀಡಿಯೆಟ್‌ನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡವರು ಬಹಳ ಜನ. ಅದಕ್ಕೇ ನನ್ನ ಸಲಹೆ: ಬಿ.ಕಾಂ. ಮೊದಲು. ಸರ್ಕಾರಿ ಅರ್ಜಿ, ಬ್ಯಾಂಕ್, ಕಂಪನಿ ಎಲ್ಲೆಡೆ ಕೇಳುವುದು ಅದನ್ನೇ. ಡಿಗ್ರಿ ಆದಮೇಲೆ ಸಿಎಂಎ ಫೌಂಡೇಷನ್ ಬರೆಯಬೇಕಿಲ್ಲ, ನೇರ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಅಷ್ಟರೊಳಗೆ ಓದುವ ಅಭ್ಯಾಸ ಮರಳಿ ಬರಲು ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದಲ್ಲಿ ಒಂದು ಚಿಕ್ಕ ಕೋರ್ಸ್ ಆರಿಸಿಕೊಳ್ಳಿ. ಕಲಿಯುವುದು ಉಚಿತ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಹತ್ತು ವರ್ಷದ ಮೇಲೆ ಪರೀಕ್ಷಾ ಹಾಲಿನಲ್ಲಿ ಕೂರುವ ಭಯ ಅಲ್ಲೇ ಅರ್ಧ ಕಳೆಯುತ್ತದೆ.

ಮನೆಯವರ ‘ಈ ವಯಸ್ಸಿನಲ್ಲಿ ಯಾಕೆ’ ಎಂಬ ಮಾತಿಗೆ ವಾದ ಹೂಡಬೇಡಿ. ಲೆಕ್ಕ ತೋರಿಸಿ, ಅದು ನಿಮಗೆ ಚೆನ್ನಾಗಿ ಬರುತ್ತದೆ. ಈಗಿನ ಸಂಬಳ ಎಷ್ಟು, ನೀವು ಕೆಲಸ ಕಲಿಸಿದ ಹುಡುಗರು ಈಗ ತೆಗೆದುಕೊಳ್ಳುವುದೆಷ್ಟು, ಮೂರು ವರ್ಷದ ಶುಲ್ಕ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಮುಂದಿಡಿ. ದಿನಕ್ಕೆ ಮೂರು ಗಂಟೆ ನಿಮ್ಮನ್ನು ಯಾರು ಬಿಡಿಸುತ್ತಾರೆ, ಪರೀಕ್ಷೆಯ ತಿಂಗಳು ಅಡುಗೆ ಯಾರದು ಎನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಒಪ್ಪಿಗೆ ಕೊಟ್ಟು ಸಹಾಯ ಮಾಡದ ಮನೆಯಲ್ಲೇ ಹೆಂಗಸರ ಓದು ನಿಲ್ಲುವುದು ಹೆಚ್ಚು. ಆಫೀಸಿನ ಆಡಿಟರ್ ಜೊತೆಗೂ ಮುಚ್ಚುಮರೆ ಇಲ್ಲದೆ ಮಾತಾಡಿ, ಪರೀಕ್ಷೆ ಸಮಯದ ರಜೆ ಈಗಲೇ ಕೇಳಿಡಿ. ರಿಟರ್ನ್ ಸಲ್ಲಿಸುವ ಗಡುವು ಮತ್ತು ಪರೀಕ್ಷೆ ಒಂದೇ ವಾರ ಬಂದರೆ ಕಷ್ಟ ಎಂದು ಅವರಿಗೂ ಗೊತ್ತಿರುತ್ತದೆ.

ನಿಮಗೆ 36 ವರ್ಷ ಹೇಗೂ ಆಗುತ್ತದೆ. ಆಗ ಕೈಯಲ್ಲಿ ಬಿ.ಕಾಂ. ಇರಬೇಕೋ ಬೇಡವೋ ಎನ್ನುವುದಷ್ಟೇ ನೀವು ತೀರ್ಮಾನಿಸಬೇಕಾದದ್ದು. ಈ ವಾರ ಅಂಕಪಟ್ಟಿ ಹುಡುಕಿ ತೆಗೆಯಿರಿ. ಮುಂದಿನ ವಾರ ಶಿವಗಂಗೋತ್ರಿಗೂ ಕರಾಮುವಿ ಕೇಂದ್ರಕ್ಕೂ ಹೋಗಿ ಬನ್ನಿ. ಕನ್ಸಲ್ಟೆಂಟ್ ಫೋನ್ ಮಾಡಿದರೆ, ನಾನೇ ಸೇರಿಕೊಳ್ಳುತ್ತಿದ್ದೇನೆ ಎಂದು ಹೇಳಿ ಇಟ್ಟುಬಿಡಿ.