ಹಲ್ಲಿನ ಕುಳಿಗೆ ತುಂಬಿದ ಬೆಳ್ಳಿ

ನಮ್ಮ ಗೂಳೂರಿನಲ್ಲಿ ಮಣ್ಣಿನ ಮಹಾಗಣಪತಿಯನ್ನು ಪ್ರತಿವರ್ಷವೂ ಹೊಸದಾಗಿ ಮಾಡಿ, ಕಾರ್ತಿಕದ ಪೂಜೆ ಮುಗಿದ ಮೇಲೆ ಕೆರೆಗೆ ಬಿಡುತ್ತಾರೆ. ಹಲ್ಲಿಗೆ ತುಂಬುವ ವಸ್ತುವಿಗೆ ಈ ಅನುಕೂಲವಿಲ್ಲ. ಒಮ್ಮೆ ತುಂಬಿದರೆ ವರ್ಷಾನುಗಟ್ಟಲೆ ನಿಲ್ಲಬೇಕು.

ನನ್ನ ತಾಯಿಯ ದವಡೆಹಲ್ಲೊಂದರಲ್ಲಿ ಹದಿನೇಳು ವರ್ಷಗಳ ಹಿಂದೆ ತುಂಬಿಸಿದ ಬೆಳ್ಳಿಯಿದೆ. ಕಪ್ಪಾಗಿದೆ, ಅಲುಗಿಲ್ಲ. ಅದರಲ್ಲಿ ಪಾದರಸವಿದೆ, ಕೀಳಿಸಿ ಬಿಳಿಯದನ್ನು ಹಾಕಿಸಿಕೊಳ್ಳಿರೆಂದು ಬಂಧುಗಳೊಬ್ಬರು ಹೆದರಿಸಿದ ಮೇಲೆ ಅಮ್ಮನಿಗೆ ಊಟವೇ ರುಚಿಸದಾಯಿತು. “ನೀನು ಓದಿದವನಲ್ಲವೇನಪ್ಪ, ನೋಡಿ ಹೇಳು” ಎಂದಳು. ಇತಿಹಾಸ ಓದುವವನು ಲೋಹಶಾಸ್ತ್ರದ ಪುಟ ತಿರುವಿದ್ದು ಹೀಗೆ.

ಬೆಳ್ಳಿ, ತವರ, ತಾಮ್ರಗಳ ಪುಡಿಯನ್ನು ಸರಿಸುಮಾರು ಸಮತೂಕದ ಪಾದರಸದೊಡನೆ ಅರೆದರೆ ಮೆತ್ತನೆಯ ಮುದ್ದೆಯಾಗುತ್ತದೆ. ಒಂದು ದಿನದೊಳಗೆ ಕಲ್ಲಿನಂತಾಗುತ್ತದೆ. ಆಗ ಅದು ಹಿಗ್ಗಿದರೆ ಹಲ್ಲು ಸೀಳೀತು, ಕುಗ್ಗಿದರೆ ಅಂಚಿನಲ್ಲಿ ಸಂದು ಬಿದ್ದೀತು. ಅಮೆರಿಕದ ಜಿ. ವಿ. ಬ್ಲ್ಯಾಕ್ 1890ರ ದಶಕದಲ್ಲಿ ಲೋಹಗಳ ಪ್ರಮಾಣವನ್ನು ಪರೀಕ್ಷಿಸಿ ಇದನ್ನು ಹದಕ್ಕೆ ತಂದರು. ಆದರೂ ತವರವೂ ಪಾದರಸವೂ ಕೂಡಿದ ಭಾಗ ಜೊಲ್ಲಿನಲ್ಲಿ ಸವೆದು ಅಂಚು ಮುಕ್ಕಾಗುತ್ತಿತ್ತು. 1960ರ ದಶಕದಿಂದೀಚೆಗೆ ತಾಮ್ರವನ್ನು ಹೆಚ್ಚಿಸಿದುದರಿಂದ ಈ ದೋಷ ಬಹುಮಟ್ಟಿಗೆ ನೀಗಿತು. ಸ್ವಾರಸ್ಯವೆಂದರೆ, ಇದರ ಕಿಲುಬೇ ಹಲ್ಲಿಗೂ ಲೋಹಕ್ಕೂ ನಡುವಣ ಸಂದನ್ನು ಕ್ರಮೇಣ ಮುಚ್ಚುತ್ತದೆ. ಕಪ್ಪಾದುದೆಲ್ಲ ಕೆಟ್ಟುದಲ್ಲ!

ಬಿಳಿಯದು 1962ರಲ್ಲಿ ಬೋವೆನ್ ಎಂಬುವರು ಪೇಟೆಂಟ್ ಪಡೆದ ರಾಳದ ಸಂತತಿ. ಹಲ್ಲಿಗೆ ಅಂಟಿಕೊಳ್ಳುವುದರಿಂದ ಹೆಚ್ಚು ಕೊರೆಯಬೇಕಿಲ್ಲ, ನೋಟಕ್ಕೂ ಚೆಂದ. ಆದರೆ ನೀಲಿ ಬೆಳಕಿಗೆ ಗಟ್ಟಿಯಾಗುವಾಗ ಶೇಕಡ 2-3ರಷ್ಟು ಕುಗ್ಗುತ್ತದೆ. ತುಂಬುವಾಗ ಜೊಲ್ಲಿನ ತೇವ ತಗುಲಿದರಂತೂ ಅಂಟು ಕೆಟ್ಟು, ಸಂದಿನಲ್ಲಿ ಮತ್ತೆ ಹುಳುಕು ಹಿಡಿಯುತ್ತದೆ. ದವಡೆಹಲ್ಲಿನ ದೊಡ್ಡ ಕುಳಿಯಲ್ಲಿ ಬೆಳ್ಳಿ 10-15 ವರ್ಷ, ಎಷ್ಟೋ ವೇಳೆ ಇನ್ನೂ ಹೆಚ್ಚು ಬಾಳುತ್ತದೆ. ರಾಳವು ಸಾಮಾನ್ಯವಾಗಿ ಅದಕ್ಕಿಂತ ಮೊದಲೇ ಸೋಲುತ್ತದೆ. 1972ರಲ್ಲಿ ಬಂದ ಗಾಜಿನ ಪುಡಿಯ ಸಿಮೆಂಟು ಫ್ಲೋರೈಡನ್ನು ಒಸರುತ್ತದಾದರೂ ಅಗಿಯುವ ಜಾಗದಲ್ಲಿ ಬೇಗ ಸವೆಯುತ್ತದೆ.

ಇನ್ನು ಪಾದರಸದ ಮಾತು. 2013ರ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅಂಗೀಕರಿಸಿತು. ಬೆಳ್ಳಿ ತುಂಬುವುದನ್ನು ಕಡಿಮೆ ಮಾಡಬೇಕೆಂಬುದು ಅದರಲ್ಲಿದೆ. ಅದು ಮುಖ್ಯವಾಗಿ ನೆಲಜಲಗಳನ್ನು ಕುರಿತ ಚಿಂತೆ. ಬಾಯಲ್ಲಿ ಭದ್ರವಾಗಿರುವುದನ್ನು ಕೊರೆದರೋ, ಪಾದರಸದ ಆವಿ ಆಗಲೇ ಹೆಚ್ಚು ಹೊರಡುವುದು. ಜೊತೆಗೆ ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುವುದು.

ಇಷ್ಟನ್ನು ಅಮ್ಮನಿಗೆ ತಿಳಿಸಿ, ತುಮಕೂರಿನಲ್ಲಿ ದಂತವೈದ್ಯರಿಗೆ ತೋರಿಸಿದೆವು. ಅಂಚು ಸರಿಯಾಗಿದೆ, ಮುಟ್ಟುವುದು ಬೇಡವೆಂದರು. ರಾಗಿಮುದ್ದೆಯಿಂದ ಭಯವಿಲ್ಲ, ಅದನ್ನು ನುಂಗುತ್ತೇವೆ. ಅಡಿಕೆ ಕಡಿಯುವುದನ್ನು ಮಾತ್ರ ಬಿಡಿ ಎಂದರು. ಅದಕ್ಕೆ ಅಮ್ಮ ಇನ್ನೂ ಉತ್ತರ ಕೊಟ್ಟಿಲ್ಲ.