ಪುಟ್ಟ ಬಾತ್‌ರೂಮಿಗೆ ಚಿತ್ತಾರದ ವಾಲ್‌ಪೇಪರ್: ಮೊದಲು ನೀರಿನ ದಾರಿ ನೋಡಿ

ಬಾತ್‌ರೂಮಿಗೆ ವಾಲ್‌ಪೇಪರ್ ಹಾಕಿಸುತ್ತೇನೆ ಎಂದರೆ ಮನೆಯ ಹಿರಿಯರು ಹುಬ್ಬೇರಿಸುವುದು ಖಂಡಿತ. ಅವರ ಅನುಮಾನದಲ್ಲಿ ಹುರುಳಿದೆ. ವಿದೇಶಿ ಪತ್ರಿಕೆಗಳಲ್ಲಿ ಕಾಣುವ ಹೂಬಳ್ಳಿಯ ಬಾತ್‌ರೂಮುಗಳಲ್ಲಿ ಸ್ನಾನ ನಡೆಯುವುದು ಟಬ್ಬಿನೊಳಗೆ, ಇಲ್ಲವೇ ಗಾಜಿನ ಬಾಗಿಲಿನ ಹಿಂದೆ. ಉಳಿದ ಜಾಗ ಒಣಗಿಯೇ ಇರುತ್ತದೆ. ನಮ್ಮಲ್ಲಿ ಬಕೆಟ್, ಚೊಂಬು, ಹೆಲ್ತ್ ಫಾಸೆಟ್. ಮೇಲೆ ಭಾನುವಾರ ಬಂದರೆ ಗೋಡೆಗೆಲ್ಲ ನೀರೆರಚಿ ಗಸಗಸ ಉಜ್ಜುವ ಅಭ್ಯಾಸ. ಹಾಗಾಗಿ ಕ್ಯಾಟಲಾಗ್ ತಿರುವಿಹಾಕುವ ಮೊದಲು ನಿಮ್ಮ ಬಾತ್‌ರೂಮಿನಲ್ಲಿ ನೀರು ಎಲ್ಲೆಲ್ಲಿ ಸಿಡಿಯುತ್ತದೆ ಎಂದು ನಾಲ್ಕು ದಿನ ಗಮನಿಸಿ.

ಯಾವ ಗೋಡೆಗೆ ಹಾಕಬಹುದು?

ಹಾಲ್‌ನ ಪಕ್ಕ ಅತಿಥಿಗಳಿಗೆಂದು ಇರುವ, ಸ್ನಾನಕ್ಕೆ ಬಳಸದ ಪುಟ್ಟ ಟಾಯ್ಲೆಟ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಬಿಲ್ಡರ್‌ಗಳು ಅದನ್ನೇ ಪೌಡರ್ ರೂಮ್ ಎನ್ನುತ್ತಾರೆ. ಸ್ನಾನದ ಕೋಣೆಯೇ ಆದರೆ ಟೈಲ್ಸ್ ಮುಗಿಯುವಲ್ಲಿಂದ ಮೇಲಿನ ಗೋಡೆ, ಅದೂ ಶವರ್‌ನಿಂದ ದೂರದ ಬದಿ ಮಾತ್ರ. ಶವರ್ ಕೆಳಗಿನ ಗೋಡೆಗೆ ಯಾವ ವಾಲ್‌ಪೇಪರೂ ಬೇಡ, ಅಂಗಡಿಯವರು ವಾಟರ್‌ಪ್ರೂಫ್ ಎಂದು ಎಷ್ಟೇ ಹೊಗಳಲಿ. ಹಾಳೆ ನೀರನ್ನು ತಡೆದರೂ ಎರಡು ಹಾಳೆ ಕೂಡುವ ಸಂದಿ ತಡೆಯುವುದಿಲ್ಲ. ಅಲ್ಲಿಂದ ಒಳಗಿಳಿದ ನೀರು ಗೋಂದನ್ನು ಸಡಿಲಿಸುತ್ತದೆ, ಹಿಂದೆಯೇ ಬೂಷ್ಟು ಬರುತ್ತದೆ.

ಗೋಡೆಯೊಳಗೇ ತೇವ ಇದೆಯೋ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ ಹನಿಗಟ್ಟಿದ್ದರೆ ನೀರು ಗೋಡೆಯೊಳಗಿಂದಲೇ ಜಿನುಗುತ್ತಿದೆ. ಮೊದಲು ಪ್ಲಂಬರ್, ಆಮೇಲೆ ಪೇಪರ್. ಹೊರಬದಿಯಲ್ಲಿ ಹನಿ ಇದ್ದರೆ ಅದು ಕೋಣೆಯ ಆವಿ. ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಸಾಕು. ಮಳೆಗಾಲವಿಡೀ ಬಟ್ಟೆಯೇ ಒಣಗದ ಕರಾವಳಿ, ಮಲೆನಾಡಿನ ಮನೆಗಳಿಗೆ ಮಾತ್ರ ನನ್ನ ಸಲಹೆ ಒಂದೇ: ಈ ಆಸೆಯನ್ನು ಮಲಗುವ ಕೋಣೆಯಲ್ಲಿ ತೀರಿಸಿಕೊಳ್ಳಿ.

ವಾಲ್‌ಪೇಪರಿಗೂ ತೇವಕ್ಕೂ ಹಳೇ ಹಗೆ. ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಹಸಿರು ವಾಲ್‌ಪೇಪರಿನ ಬಣ್ಣಕ್ಕೆ ಆರ್ಸೆನಿಕ್ ಬೆರೆಸುತ್ತಿದ್ದರು. ತೇವದ ಗೋಡೆಯಲ್ಲಿ ಬೂಷ್ಟು ಬೆಳೆದಾಗ ಆ ಬಣ್ಣದಿಂದ ಆರ್ಸೆನಿಕ್ ಅನಿಲ ಹೊಮ್ಮಬಲ್ಲದು ಎಂಬುದನ್ನು ಇಟಲಿಯ ವೈದ್ಯ ಬಾರ್ತೊಲೊಮಿಯೊ ಗೋಸಿಯೊ 1890ರ ದಶಕದಲ್ಲಿ ತೋರಿಸಿಕೊಟ್ಟರು. ಈಗಿನ ಬಣ್ಣದಲ್ಲಿ ಆ ಭಯವಿಲ್ಲ. ಬೂಷ್ಟಿನ ಕಾಟವಂತೂ ಹಾಗೆಯೇ ಇದೆ.

ಹಾಳೆ, ವಿನ್ಯಾಸ

ಬರೀ ಕಾಗದದ ವಾಲ್‌ಪೇಪರ್ ಬಾತ್‌ರೂಮಿಗೆ ಆಗದು. ಮೇಲೆ ವಿನೈಲ್, ಹಿಂದೆ ನಾನ್‌ವೋವನ್ ಬೆನ್ನು ಇರುವುದನ್ನು ಕೇಳಿ ಪಡೆಯಿರಿ. ರೋಲಿನ ಲೇಬಲ್ ಮೇಲೆ ಅಲೆಯ ಗುರುತುಗಳಿರುತ್ತವೆ. ಒಂದೇ ಅಲೆ ಇದ್ದರೆ ಒದ್ದೆ ಸ್ಪಂಜಿನಿಂದ ಹಗುರವಾಗಿ ಒತ್ತಬಹುದು, ಅಷ್ಟೆ. ಎರಡು, ಮೂರು ಅಲೆ ಇದ್ದರೆ ಒರೆಸಿ ತೊಳೆಯಬಹುದು. ಅಲೆಯ ಜೊತೆ ಬ್ರಶ್ಶಿನ ಚಿತ್ರವಿದ್ದರೆ ಉಜ್ಜಿದರೂ ತಡೆದೀತು. ಬಾತ್‌ರೂಮಿಗೆ ಎರಡು ಅಲೆಗಿಂತ ಕಡಿಮೆ ಬೇಡ. ಎಲ್ಲ ರೋಲುಗಳ ಬ್ಯಾಚ್ ನಂಬರ್ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಬ್ಯಾಚ್ ಬದಲಾದರೆ ಬಣ್ಣದಲ್ಲಿ ಎಳೆಯಷ್ಟು ವ್ಯತ್ಯಾಸ ಬರುತ್ತದೆ, ಗೋಡೆ ಏರಿದ ಮೇಲೆ ಅದೇ ಎದ್ದು ಕಾಣುತ್ತದೆ.

ಕೋಣೆ ಚಿಕ್ಕದು, ಆದ್ದರಿಂದ ವಿನ್ಯಾಸವೂ ಚಿಕ್ಕದಿರಲಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಣ್ಣ ಸಣ್ಣ ಹೂವು ನಾಲ್ಕೂ ಗೋಡೆಗೆ ತುಂಬಿದರೆ ಕಣ್ಣಿಗೆ ಗಿಜಿಗಿಜಿ. ಅಂಗೈ ಅಗಲದ ಎಲೆ, ಉದ್ದನೆಯ ಬಳ್ಳಿ ಇದ್ದರೆ ಕೋಣೆಗೆ ಗತ್ತು ಬರುತ್ತದೆ, ಗೋಡೆಯ ವಕ್ರವೂ ಮುಚ್ಚಿಹೋಗುತ್ತದೆ. ನಮ್ಮ ಮನೆಗಳ ಗೋಡೆ ಮೂಲೆಯಿಂದ ಮೂಲೆಗೆ ನೇರ ಇರುವುದು ಅಪರೂಪ. ಪಟ್ಟೆ, ಚೌಕಗಳ ವಿನ್ಯಾಸ ಅದನ್ನು ಸಾರಿ ಹೇಳುತ್ತದೆ. ಮಲೆನಾಡಿನ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರವನ್ನು ಡಿಜಿಟಲ್ ಪ್ರಿಂಟ್ ಮಾಡಿಸಿ ಅಂಟಿಸುವ ಆಸೆ ಇದ್ದವರೂ ಇದನ್ನು ನೆನಪಿಡಬೇಕು. ಕೈಯಲ್ಲಿ ಬರೆಯುವವರು ಗೋಡೆ ವಾಲಿದ ಕಡೆ ಗೆರೆಯನ್ನೂ ಹೊಂದಿಸಿಕೊಳ್ಳಬಲ್ಲರು, ಅಚ್ಚಿನ ಗೆರೆಗೆ ಅದು ಬಾರದು. ಅಂಥದ್ದನ್ನು ಒಂದೇ ಗೋಡೆಗೆ ಇಟ್ಟುಕೊಳ್ಳಿ.

ಸ್ಯಾಂಪಲ್ ತಂದು ಬಾತ್‌ರೂಮಿನ ಲೈಟಿನಲ್ಲೇ ನೋಡಿ. ಅಂಗಡಿಯ ಬೆಳಕನ್ನು ನಂಬಬೇಡಿ.

ಎಷ್ಟು ರೋಲ್ ಬೇಕು?

ಹೆಚ್ಚಿನವರು ಎಡವುವುದು ಇಲ್ಲೇ. ಸಾಮಾನ್ಯ ರೋಲ್ 21 ಇಂಚು ಅಗಲ, 33 ಅಡಿ ಉದ್ದ. ಸುಮಾರು 57 ಚದರಡಿ. 4×5 ಅಡಿಯ ಪೌಡರ್ ರೂಮ್, ನಾಲ್ಕು ಅಡಿವರೆಗೆ ಟೈಲ್ಸ್, ಹತ್ತಡಿಗೆ ಸೀಲಿಂಗ್ ಎಂದಿಟ್ಟುಕೊಳ್ಳಿ. ಸುತ್ತಳತೆ 18 ಅಡಿ, ಅಂಟಿಸುವ ಎತ್ತರ 6 ಅಡಿ, ಒಟ್ಟು 108 ಚದರಡಿ. ಎರಡು ರೋಲ್ ಸಾಕು ಅನ್ನಿಸುತ್ತದೆ. ಸಾಲದು.

ಚದರಡಿ ಬಿಟ್ಟು ಪಟ್ಟಿಗಳನ್ನು ಎಣಿಸಿ. 18 ಅಡಿಗೆ 21 ಇಂಚಿನ ಪಟ್ಟಿ 11 ಬೇಕು. ಮೇಲೆ ಕೆಳಗೆ ಕತ್ತರಿಸಲು ಎರಡೆರಡು ಇಂಚು ಸೇರಿಸಿದರೆ ಪಟ್ಟಿಯ ಉದ್ದ 76 ಇಂಚು. ಆದರೆ ಪಕ್ಕದ ಪಟ್ಟಿಯ ಎಲೆಗೆ ಎಲೆ ಕೂಡಬೇಕಲ್ಲ? ವಿನ್ಯಾಸ 21 ಇಂಚಿಗೊಮ್ಮೆ ಮರುಕಳಿಸುವುದಾದರೆ 76 ಇಂಚಿಗೆ ನಾಲ್ಕು ಆವರ್ತನ, ಅಂದರೆ 84 ಇಂಚು ಕತ್ತರಿಸಬೇಕಾಗುತ್ತದೆ. ಹೀಗೆ ಒಂದು ರೋಲಿಗೆ ಸಿಗುವುದು ನಾಲ್ಕೇ ಪಟ್ಟಿ. ಹನ್ನೊಂದಕ್ಕೆ ಮೂರು ರೋಲ್. ಬಾಗಿಲಿನ ಜಾಗವನ್ನು ಲೆಕ್ಕದಿಂದ ಕಳೆಯಲು ಹೋಗಬೇಡಿ. ಬಜೆಟ್ ಬಿಗಿಯಿದ್ದರೆ ಬಾಗಿಲಿನ ಎದುರಿನ ನಾಲ್ಕು ಅಡಿ ಗೋಡೆಯೊಂದನ್ನೇ ಮಾಡಿ. ಮೂರು ಪಟ್ಟಿ, ಒಂದೇ ರೋಲ್. ಬಾಗಿಲು ತೆರೆದವರ ಕಣ್ಣಿಗೆ ಬೀಳುವುದೂ ಆ ಗೋಡೆಯೇ.

ಅಂಟಿಸುವ ಕೆಲಸ

ಮೊದಲು ಮೇನ್ ಸ್ವಿಚ್ ಆರಿಸಿ, ಕನ್ನಡಿ, ಟವೆಲ್ ರಾಡ್ ಬಿಚ್ಚಿಡಿ. ಎದ್ದ ಬಣ್ಣವನ್ನು ಕೆರೆದು, ಪುಟ್ಟಿ ಹಚ್ಚಿ, ಮರಳು ಕಾಗದದಿಂದ ಉಜ್ಜಿ, ಧೂಳು ಒರೆಸಿ, ಪ್ರೈಮರ್ ಕೊಟ್ಟು ಪೂರ್ತಿ ಒಣಗಲು ಬಿಡಿ. ಹೊಳೆಯುವ ಎನಾಮಲ್ ಬಣ್ಣವಿದ್ದರೆ ಹೊಳಪು ಹೋಗುವವರೆಗೆ ಉಜ್ಜಲೇಬೇಕು. ಇದು ಬೇಸರದ ಕೆಲಸ; ಪೇಪರ್ ಬಾಳುವುದು ಮಾತ್ರ ಇದರ ಮೇಲೇ.

ಮೊದಲ ಪಟ್ಟಿಯನ್ನು ಮೂಲೆಗೆ ಆನಿಸಿ ಶುರು ಮಾಡಬೇಡಿ. ಮೂಲೆಯಿಂದ 20 ಇಂಚಿಗೆ ತೂಗುಗುಂಡು ಇಳಿಬಿಟ್ಟು ಪೆನ್ಸಿಲ್ ಗೆರೆ ಎಳೆಯಿರಿ. ಪಟ್ಟಿಯ ಅಂಚು ಆ ಗೆರೆಗೆ ಕೂರಲಿ, ಉಳಿದ ಒಂದು ಇಂಚು ಪಕ್ಕದ ಗೋಡೆಗೆ ತಿರುಗಲಿ. ಪ್ರತಿ ಹೊಸ ಗೋಡೆಗೂ ಹೊಸ ಗೆರೆ. ನಾನ್‌ವೋವನ್ ಆದರೆ ಗೋಂದನ್ನು ಗೋಡೆಗೇ ಬಳಿಯಬಹುದು. ಬೂಷ್ಟು ತಡೆಯುವ ಗೋಂದನ್ನೇ ಕೇಳಿ ತನ್ನಿ. ಮೇಲಿನಿಂದ ಕೂರಿಸಿ, ನಡುವಿನಿಂದ ಅಂಚಿಗೆ ಬ್ರಶ್ ಎಳೆದು ಗಾಳಿ ಹೊರಡಿಸಿ. ಅಂಚುಗಳು ಒಂದರ ಮೇಲೊಂದು ಏರದೆ ಒತ್ತಿಕೊಂಡು ನಿಲ್ಲಬೇಕು. ಮೇಲೆ ಬಂದ ಗೋಂದನ್ನು ಹಸಿಯಿರುವಾಗಲೇ ಒದ್ದೆ ಸ್ಪಂಜಿನಿಂದ ತೆಗೆಯಿರಿ. ಪ್ರತಿ ಪಟ್ಟಿಗೂ ಬ್ಲೇಡಿನ ತುದಿ ಮುರಿದು ಹೊಸ ಅಲಗು ಬಳಸಿ. ಮೊಂಡು ಬ್ಲೇಡ್ ಒದ್ದೆ ಹಾಳೆಯನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ.

ಸುತ್ತಿ ಬಂದು ಕೊನೆಯ ಪಟ್ಟಿ ಮೊದಲನೆಯದಕ್ಕೆ ಕೂಡುವಲ್ಲಿ ವಿನ್ಯಾಸ ತಪ್ಪಿಯೇ ತಪ್ಪುತ್ತದೆ. ನುರಿತ ಕೆಲಸಗಾರರಿಗೂ ಅದು ತಪ್ಪಿದ್ದಲ್ಲ. ಆ ಜಾಗ ಬಾಗಿಲ ಹಿಂದಿನ ಮೂಲೆಗೆ ಬರುವಂತೆ ಮೊದಲೇ ಯೋಜಿಸಿಕೊಳ್ಳಿ.

ಪೇಪರ್ ಒಣಗಿದ ಮೇಲೆ ಅದು ಟೈಲ್ಸಿಗೆ ಕೂಡುವ ಗೆರೆಯುದ್ದಕ್ಕೂ ತೆಳುವಾಗಿ ಪಾರದರ್ಶಕ ಸಿಲಿಕಾನ್ ಎಳೆಯಿರಿ. ಸ್ನಾನದ ಕೋಣೆಯಾದರೆ ಎರಡು ದಿನ ಬಿಸಿನೀರು ಬೇಡ, ಫ್ಯಾನಿನ ರಭಸವೂ ಬೇಡ. ಬೇಗ ಒಣಗಿಸಿದರೆ ಸಂದಿ ಬಾಯಿ ಬಿಡುತ್ತದೆ. ಮುಂದೆ ಸ್ನಾನವಾದ ಮೇಲೆ ಇಪ್ಪತ್ತು ನಿಮಿಷ ಎಕ್ಸಾಸ್ಟ್ ಓಡಲಿ. ಬಾಡಿಗೆ ಮನೆಯವರು ಸ್ಟಿಕ್ಕರ್ ಮಾದರಿಯದನ್ನು ಹಾಕಬಹುದು, ಆದರೆ ಬಿಚ್ಚುವಾಗ ಸಡಿಲ ಪುಟ್ಟಿಯೂ ಎದ್ದು ಬಂದೀತು. ಅಡ್ವಾನ್ಸ್ ನೆನಪಿರಲಿ.

ಮಿಕ್ಕ ತುಂಡನ್ನು ಲೇಬಲ್ ಸಮೇತ ಸುತ್ತಿಡಿ. ಎಂದೋ ಒಂದು ದಿನ ನಲ್ಲಿಯವರ ಸ್ಪ್ಯಾನರ್ ತಾಗಿ ಪೇಪರ್ ಹರಿದರೆ, ತುಂಡಿನ ವಿನ್ಯಾಸ ಹೊಂದುವಂತೆ ಅದನ್ನು ಹರಿದ ಜಾಗದ ಮೇಲಿಟ್ಟು, ಎರಡೂ ಪದರ ಒಟ್ಟಿಗೆ ಸೀಳುವಂತೆ ಬ್ಲೇಡ್ ಆಡಿಸಿ. ಹಳೆಯ ಚೂರನ್ನು ಕಿತ್ತು ಹೊಸದನ್ನು ಅಂಟಿಸಿದರೆ ತೇಪೆ ಎಲ್ಲಿದೆ ಎಂದು ನೀವೇ ಹುಡುಕಬೇಕು.