ಯಕೃತ್ತಿನ ಕ್ಯಾನ್ಸರ್ ಉಲ್ಬಣಿಸಿದಾಗ ಕಂಡುಬರುವ ಅಪರೂಪದ ತೊಡಕುಗಳು: ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ



1. ಪಾಠದ ಉದ್ದೇಶ

ಊರಿನಲ್ಲಿ ಒಬ್ಬರು ಹಠಾತ್ತನೆ ಕುಸಿದು ಬಿದ್ದಾಗ, ನಡುರಾತ್ರಿ ವಾಹನ ಬೇಕಾದಾಗ, ಚಿಕಿತ್ಸೆಗೆಂದು ಹೊಲ ಅಡವಿಡುವ ಮಾತು ಬಂದಾಗ ಜನರು ಮೊದಲು ತಟ್ಟುವುದು ವಾರ್ಡಿನ ಸದಸ್ಯರ ಬಾಗಿಲನ್ನು. ಯಕೃತ್ತಿನ ಕ್ಯಾನ್ಸರ್ ಮುಂದುವರಿದ ಹಂತ ತಲುಪಿದಾಗ ಕೆಲವು ಅಪರೂಪದ ತೊಡಕುಗಳು ಕಾಣಿಸಿಕೊಳ್ಳುತ್ತವೆ. ಅವು ಕುಡಿತದ ಅಮಲಿನಂತೆ, ಗಾಳಿ ಸೋಂಕಿದಂತೆ, ಹೃದಯಾಘಾತದಂತೆ ಅಥವಾ ಲಕ್ವದಂತೆ ತೋರುವುದರಿಂದ ಅಮೂಲ್ಯವಾದ ಗಂಟೆಗಳು ವ್ಯರ್ಥವಾಗುತ್ತವೆ. ಸದಸ್ಯರು ವೈದ್ಯರಾಗಬೇಕಿಲ್ಲ, ಯಾವ ಲಕ್ಷಣ ಕಂಡಾಗ ಎಷ್ಟು ಬೇಗ, ಎಲ್ಲಿಗೆ ಕಳುಹಿಸಬೇಕೆಂಬುದು ತಿಳಿದಿದ್ದರೆ ಸಾಕು.

2. ಯಕೃತ್ತಿನ ಕೆಲಸ

ಲಿವರ್ ಎಂದು ಜನ ಕರೆಯುವ ಯಕೃತ್ತು ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಕೆಳಗೆ ಇರುತ್ತದೆ. ತೂಕ ಸುಮಾರು ಒಂದೂವರೆ ಕಿಲೋ. ಇದನ್ನು ಊರಿನ ನೀರು ಶುದ್ಧೀಕರಣ ಘಟಕಕ್ಕೆ ಹೋಲಿಸಬಹುದು. ಕರುಳಿನಿಂದ ಬರುವ ರಕ್ತ ಪೋರ್ಟಲ್ ರಕ್ತನಾಳವೆಂಬ ಮುಖ್ಯ ಕೊಳವೆಯ ಮೂಲಕ ಇಲ್ಲಿಗೆ ಬಂದು, ಶುದ್ಧವಾಗಿ ಹೃದಯದತ್ತ ಸಾಗುತ್ತದೆ. ಸಕ್ಕರೆಯನ್ನು ದಾಸ್ತಾನು ಮಾಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು ಸಹ ಇದರ ಕೆಲಸ.

ಹೆಪಟೈಟಿಸ್ ಬಿ ಅಥವಾ ಸಿ ಸೋಂಕು, ಮದ್ಯಪಾನ, ಕೊಬ್ಬು ತುಂಬಿಕೊಳ್ಳುವಿಕೆ ಮುಂತಾದ ಕಾರಣಗಳಿಂದ ವರ್ಷಗಟ್ಟಲೆ ಹಾನಿಗೊಂಡ ಯಕೃತ್ತು ಗಟ್ಟಿಯಾಗುತ್ತದೆ. ಇದಕ್ಕೆ ಸಿರೋಸಿಸ್ ಎಂದು ಹೆಸರು. ಬಹುತೇಕ ಯಕೃತ್ತಿನ ಕ್ಯಾನ್ಸರ್ ಹುಟ್ಟುವುದು ಇಂತಹ ಯಕೃತ್ತಿನಲ್ಲಿಯೇ. ಶುದ್ಧೀಕರಣ ಘಟಕ ಕಟ್ಟಿಕೊಂಡರೆ ಹಿಂದಿನ ಕೊಳವೆಗಳಲ್ಲಿ ಒತ್ತಡ ಏರುವಂತೆ, ಇಲ್ಲಿಯೂ ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆಯಬಹುದು. ಹೊಟ್ಟೆಯಲ್ಲಿ ನೀರು ತುಂಬಬಹುದು. ಶುದ್ಧವಾಗದ ರಕ್ತ ಮಿದುಳಿಗೆ ತಲುಪಿ ಮಂಕು ಕವಿಯಬಹುದು. ರಕ್ತವಾಂತಿ, ಟಾರಿನಂತಹ ಕಪ್ಪು ಮಲ, ಕಾಮಣಿ, ಹೊಟ್ಟೆಯುಬ್ಬರ ಇವು ಸಾಮಾನ್ಯವಾಗಿ ಕಾಣುವ ತೊಡಕುಗಳು. ಕೆಳಗಿನವು ಅಪರೂಪದವು.

3. ಅಪರೂಪದ ಐದು ತೊಡಕುಗಳು

ಅ) ಗಡ್ಡೆ ಒಡೆಯುವುದು. ಯಕೃತ್ತಿನ ಮೇಲ್ಮೈಯಲ್ಲಿರುವ ಗಡ್ಡೆ ಒಡೆದು ರಕ್ತ ಹೊಟ್ಟೆಯೊಳಗೆ ಸುರಿಯುತ್ತದೆ. ಹೊರಗೆ ಒಂದು ಹನಿ ರಕ್ತವೂ ಕಾಣುವುದಿಲ್ಲ. ಹಠಾತ್ ಹೊಟ್ಟೆನೋವು, ತಣ್ಣನೆಯ ಬೆವರು, ಕ್ಷೀಣವಾದ ನಾಡಿ, ಮೂರ್ಛೆ ಇದರ ಲಕ್ಷಣಗಳು. ಕೆಲವರಲ್ಲಿ ಕ್ಯಾನ್ಸರ್ ಇದೆಯೆಂಬುದು ತಿಳಿಯುವುದೇ ಇದರಿಂದ. ರಕ್ತನಾಳದೊಳಗೆ ಸಣ್ಣ ನಳಿಕೆ ತೂರಿಸಿ, ಸೋರುವ ನಾಳವನ್ನು ಮುಚ್ಚುವ ಚಿಕಿತ್ಸೆ ಲಭ್ಯವಿದೆ.

ಆ) ರಕ್ತದಲ್ಲಿ ಸಕ್ಕರೆ ಕುಸಿಯುವುದು. ಕೆಲವು ಗಡ್ಡೆಗಳು ಇನ್ಸುಲಿನ್‌ನಂತೆ ವರ್ತಿಸುವ ವಸ್ತುವನ್ನು ಸ್ರವಿಸುತ್ತವೆ. ಜೊತೆಗೆ ಸಕ್ಕರೆಯ ದಾಸ್ತಾನೂ ಬರಿದಾಗಿರುತ್ತದೆ. ಮಧುಮೇಹವಿಲ್ಲದವರಲ್ಲಿಯೂ ಬೆಳಗಿನ ಜಾವ ಬೆವರು, ನಡುಕ, ತೊದಲು ಮಾತು, ಅಸಂಬದ್ಧ ವರ್ತನೆ, ಫಿಟ್ಸ್ ಕಾಣಿಸುತ್ತವೆ. ಗ್ಲುಕೋಮೀಟರಿನಲ್ಲಿ 70 ಮಿಲಿಗ್ರಾಂಗಿಂತ ಕಡಿಮೆ ಬಂದರೆ ಸಕ್ಕರೆ ಕುಸಿದಿದೆ ಎಂದರ್ಥ. ಎಚ್ಚರವಿದ್ದು ನುಂಗಬಲ್ಲವರಿಗೆ ಸಕ್ಕರೆ ನೀರು ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಒಮ್ಮೆ ಸರಿಹೋದರೂ ಮತ್ತೆ ಕುಸಿಯುವುದರಿಂದ ಆಸ್ಪತ್ರೆಗೆ ಒಯ್ಯಲೇಬೇಕು.

ಇ) ರಕ್ತದಲ್ಲಿ ಕ್ಯಾಲ್ಸಿಯಂ ಏರುವುದು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ನಂತರ ಸದಾ ಮಂಪರು. ಕೊನೆಗಾಲ ಬಂತೆಂದು ಮನೆಯವರು ಕೈಬಿಡುವುದು ಈ ಸ್ಥಿತಿಯಲ್ಲಿಯೇ. ಒಂದು ರಕ್ತ ಪರೀಕ್ಷೆಯಿಂದ ಇದು ತಿಳಿಯುತ್ತದೆ; ಸಲೈನ್ ಮತ್ತು ಔಷಧಿಯಿಂದ ರೋಗಿ ಮರಳಿ ಮಾತನಾಡುವಂತಾಗಬಹುದು.

ಈ) ಬೆನ್ನುಹುರಿ ಅದುಮಲ್ಪಡುವುದು. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದಾಗ, ಮಲಗಿದರೂ ತಗ್ಗದ ಬೆನ್ನುನೋವಿನ ನಂತರ ಕಾಲುಗಳು ಬಲಹೀನವಾಗುತ್ತವೆ, ಮೂತ್ರದ ಹಿಡಿತ ತಪ್ಪುತ್ತದೆ. ಲಕ್ವವೆಂದು ಭಾವಿಸಿ ಎಣ್ಣೆ ತಿಕ್ಕಿಸಲು ಕರೆದೊಯ್ದರೆ ಕಾಲು ಶಾಶ್ವತವಾಗಿ ಹೋಗಬಹುದು. ನಡೆಯುವ ಶಕ್ತಿ ಇನ್ನೂ ಇರುವಾಗಲೇ, ಒಂದೆರಡು ದಿನಗಳೊಳಗೆ ವಿಕಿರಣ ಚಿಕಿತ್ಸೆ ದೊರೆತರೆ ಅದು ಉಳಿಯುವ ಸಾಧ್ಯತೆ ಹೆಚ್ಚು.

ಉ) ಗಡ್ಡೆ ರಕ್ತನಾಳದೊಳಗೆ ಬೆಳೆಯುವುದು. ಗಡ್ಡೆಯು ದೊಡ್ಡ ಅಭಿಧಮನಿಯೊಳಗೆ ಬೆಳೆದು ಹೃದಯದ ಬಲಕೋಣೆಯವರೆಗೂ ತಲುಪಬಹುದು. ಎರಡೂ ಕಾಲುಗಳ ಬಾವು, ಏರುವ ಉಬ್ಬಸ, ಹಠಾತ್ ಎದೆನೋವು ಇದರ ಸೂಚನೆಗಳು.

4. ಸಮಯವೇ ನಿರ್ಣಾಯಕ

ಕ್ಯಾನ್ಸರ್ ಕೊನೆಯ ಹಂತದಲ್ಲಿದೆ ಎಂದಮೇಲೆ ಆಸ್ಪತ್ರೆಗೆ ಏಕೆ ಎಂಬ ಪ್ರಶ್ನೆ ಸಹಜ. ಮೂಲರೋಗ ಗುಣವಾಗದಿರಬಹುದು. ಆದರೆ ಸಕ್ಕರೆ ಕುಸಿತ, ಕ್ಯಾಲ್ಸಿಯಂ ಏರಿಕೆ, ಬೆನ್ನುಹುರಿಯ ಒತ್ತಡ ಇವುಗಳಿಗೆ ಅವುಗಳದೇ ಚಿಕಿತ್ಸೆಯಿದೆ. ರೋಗಿಯು ಉಳಿದ ದಿನಗಳನ್ನು ಎಚ್ಚರದಿಂದ, ನೋವಿಲ್ಲದೆ, ತನ್ನ ಕಾಲಮೇಲೆ ನಿಂತು ಕಳೆಯುವುದೋ ಅಥವಾ ಮಂಪರಿನಲ್ಲಿ ಕಳೆಯುವುದೋ ಎಂಬುದು ಅದರಿಂದ ತೀರ್ಮಾನವಾಗುತ್ತದೆ. ಚಿಕಿತ್ಸೆ ಬೇಡವೆಂದು ವೈದ್ಯರೊಡನೆ ಸಮಾಲೋಚಿಸಿ ರೋಗಿಯೇ ನಿರ್ಧರಿಸಿದರೆ ಅದನ್ನು ಗೌರವಿಸಬೇಕು. ಆಗಲೂ ನೋವು ಶಮನಗೊಳಿಸುವ ಉಪಶಮನ ಆರೈಕೆ ಅವರ ಹಕ್ಕು.

ಮೂರು ಸಂಗತಿಗಳನ್ನು ತಡೆಯಬೇಕು. ಕಾಮಣಿಗೆ ಬರೆ ಹಾಕಿಸುವುದು ಹಾಗೂ ಅಪರಿಚಿತ ಬೇರಿನ ಔಷಧಿ. ಯಕೃತ್ತಿನ ರೋಗಿಗೆ ವೈದ್ಯರ ಸಲಹೆಯಿಲ್ಲದೆ ನೋವಿನ ಅಥವಾ ನಿದ್ರೆಯ ಗುಳಿಗೆ. "ಕುಡಿದಿದ್ದಾನೆ, ಮಲಗಿ ಎದ್ದರೆ ಸರಿಹೋಗುತ್ತಾನೆ" ಎಂಬ ಮಾತು. ಮದ್ಯದ ಚಟವಿದ್ದವರಿಗೂ ಈ ತೊಡಕುಗಳು ಬರುತ್ತವೆ. ಅವರಿಗೆ ಚಿಕಿತ್ಸೆ ತಡವಾಗುವುದು ರೋಗದಿಂದಲ್ಲ, ನಮ್ಮ ಊಹೆಯಿಂದ.

5. ಎಲ್ಲಿಗೆ ಕಳುಹಿಸಬೇಕು

ತುರ್ತು ಲಕ್ಷಣ ಕಂಡ ಕೂಡಲೇ 108 ಸಂಖ್ಯೆಗೆ ಕರೆ ಮಾಡಬೇಕು. "ಯಕೃತ್ತಿನ ಕ್ಯಾನ್ಸರ್ ರೋಗಿ" ಎಂದು ಮೊದಲೇ ತಿಳಿಸಿ, ಹಳೆಯ ವರದಿ ಮತ್ತು ಸ್ಕ್ಯಾನ್ ಪ್ರತಿಗಳನ್ನು ಜೊತೆಗೆ ಕಳುಹಿಸಬೇಕು. ಕಮಲಾಪುರ ತಾಲ್ಲೂಕಿನ ಗ್ರಾಮಗಳವರು ಕಮಲಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ ಪಡೆದು, ವೈದ್ಯರ ಸೂಚನೆಯಂತೆ ಕಲಬುರಗಿ ನಗರಕ್ಕೆ ತೆರಳಬಹುದು. ನಗರದಲ್ಲಿ ಜಿಮ್ಸ್ ಬೋಧನಾ ಆಸ್ಪತ್ರೆಯೂ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೂ ಇವೆ.

ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸಾ ಸೌಲಭ್ಯವಿದೆ. ಹೊಲ ಅಡವಿಡುವ ಮುನ್ನ ಈ ಕಾರ್ಡನ್ನು ನೋಡಬೇಕು. ಇಂತಹ ಯೋಜನೆ ರಾಜ್ಯದಲ್ಲಿ ಮೊದಲು ಜಾರಿಯಾದದ್ದು ನಮ್ಮ ವಿಭಾಗದಲ್ಲಿಯೇ ಎಂಬುದು ಗಮನಾರ್ಹ: 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಅಂದಿನ ಗುಲಬರ್ಗಾ ವಿಭಾಗದಲ್ಲಿ ಆರಂಭವಾಯಿತು. ಯೋಜನೆಯಿದ್ದ ಹಾಗೂ ಇಲ್ಲದ ಗ್ರಾಮಗಳನ್ನು ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವು, ಯೋಜನೆಯಿದ್ದ ಗ್ರಾಮಗಳ ಬಡ ಕುಟುಂಬಗಳಲ್ಲಿ ಅಂತಹ ಕಾಯಿಲೆಗಳ ಸಾವು ಗಣನೀಯವಾಗಿ ಕಡಿಮೆಯಿದ್ದುದನ್ನು ದಾಖಲಿಸಿದೆ.

6. ತಡೆಗಟ್ಟುವಿಕೆ: ಪಂಚಾಯತಿಯ ಪಾಲು

• ಹೆಪಟೈಟಿಸ್ ಬಿ ಲಸಿಕೆ ಯಕೃತ್ತಿನ ಕ್ಯಾನ್ಸರನ್ನು ತಡೆಯುವ ಲಸಿಕೆಯೂ ಹೌದು. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್, ಬಳಿಕ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆ ಕೊಡಿಸಬೇಕು. 1984ರಲ್ಲಿ ಶಿಶುಗಳಿಗೆ ಈ ಲಸಿಕೆ ಆರಂಭಿಸಿದ ತೈವಾನಿನಲ್ಲಿ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಇಳಿಮುಖವಾಯಿತು.

• 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಸೋಂಕುಗಳ ಪರೀಕ್ಷೆ, ಚಿಕಿತ್ಸೆ ಉಚಿತ. ಸೋಂಕಿತರ ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಜೊತೆಗೆ ಉಣ್ಣುವುದರಿಂದ ಈ ಸೋಂಕು ಹರಡದು. ಆದ್ದರಿಂದ ಯಾರನ್ನೂ ದೂರವಿಡಬಾರದು.

• ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗ್ರಾಮಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಯಕೃತ್ತಿನ ವೈಫಲ್ಯದಿಂದ ಮೃತಪಟ್ಟರು. ಕಾಳನ್ನು ಚೆನ್ನಾಗಿ ಒಣಗಿಸಿ ಸಂಗ್ರಹಿಸುವಂತೆ ಸಭೆಗಳಲ್ಲಿ ತಿಳಿಸಬೇಕು.

• ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಈ ಲಕ್ಷಣಗಳನ್ನು ಆಶಾ ಕಾರ್ಯಕರ್ತೆಯರೊಂದಿಗೆ ಚರ್ಚಿಸಬೇಕು. ರೋಗಿಯ ಹೆಸರನ್ನು ಯಾವ ಸಭೆಯಲ್ಲಿಯೂ ಓದಬಾರದು, ನಡಾವಳಿಯಲ್ಲಿ ಬರೆಯಬಾರದು.

7. ಚರ್ಚೆಗೆ ಪ್ರಶ್ನೆಗಳು

1) ಯಕೃತ್ತಿನ ಕ್ಯಾನ್ಸರ್ ಇರುವ ವ್ಯಕ್ತಿ ಬೆಳಗಿನ ಜಾವ ತೊದಲುತ್ತಾ ಮನೆಯವರ ಗುರುತು ತಪ್ಪಿದರೆ, ಮೊದಲ ಹತ್ತು ನಿಮಿಷಗಳಲ್ಲಿ ಏನು ಮಾಡಬೇಕು?

2) ನಿಮ್ಮ ಪಂಚಾಯತಿ ವ್ಯಾಪ್ತಿಯಲ್ಲಿ ಗ್ಲುಕೋಮೀಟರ್ ಯಾರ ಬಳಿ ಇದೆ? ಅದರ ಪಟ್ಟಿಗಳ ಅವಧಿ ಮುಗಿದಿದೆಯೇ?

3) ಮನೆಯಲ್ಲಿಯೇ ಹೆರಿಗೆಯಾದ ಮಗುವಿಗೆ 24 ಗಂಟೆಯೊಳಗೆ ಲಸಿಕೆ ತಲುಪಿಸುವ ಹೊಣೆ ಯಾರದು?

ಎರಡನೆಯ ಪ್ರಶ್ನೆಗೆ ಉತ್ತರ ಈ ಪಾಠದಲ್ಲಿಲ್ಲ. ಮುಂದಿನ ಸಾಮಾನ್ಯ ಸಭೆಗೆ ಮುನ್ನ ಸದಸ್ಯರು ತಮ್ಮ ಉಪಕೇಂದ್ರಕ್ಕೆ ಖುದ್ದಾಗಿ ಭೇಟಿ ನೀಡಿ ತಿಳಿದುಕೊಳ್ಳಬೇಕೆಂದು ಕೋರಲಾಗಿದೆ.